ಸ್ಪೀಕರ್ ಪೆಟ್ಟಿಗೆಗೆ ಹೋದ ಚಪಾತಿ ಮಣೆ

ಇವತ್ತು ಬಡಗಿಯ ಅಂಗಡಿ ಮುಂದೆ ಮರದ ಹೊಟ್ಟಿನ ವಾಸನೆ ಬಂತು, ಸಿಂದಗಿಯ ನಮ್ಮ ಮನೆ ನೆನಪಾಯಿತು. ಅಪ್ಪ ರೇಡಿಯೊ ರಿಪೇರಿ ಮಾಡುತ್ತಿದ್ದ. ಸೊಲ್ಲಾಪುರದ ಬ್ಯಾಂಡಿನವರ ಹಳೆಯ ಗಿಟಾರ್ ಆಂಪ್ಲಿಫೈಯರ್ ಒಂದನ್ನು ತಂದಿದ್ದ. ಅದರ ಸ್ಪೀಕರ್ ಹರಿದಿತ್ತು. ಸಿಕ್ಕ ಹೊಸದು ಪೆಟ್ಟಿಗೆಯ ತೂತಿಗಿಂತ ಸಣ್ಣದು. ಸಂಜೆಗೆ ಅಪ್ಪನ ತಂಗಿ, ನಮ್ಮ ಅತ್ತೆ, ಮೊದಲ ಸಲ ಊರ ಮುಂದೆ ಹಾಡುವವಳಿದ್ದಳು. ಅವಳದು ಮೆಲುದನಿ, ಆಂಪ್ಲಿಫೈಯರ್ ಇಲ್ಲದೆ ಹಿಂದೆ ಕೂತವರಿಗೆ ಕೇಳುವಂತಿರಲಿಲ್ಲ.

"ನಡುವ ಒಂದ್ ಹಲಗಿ ಬೇಕಲ್ಲ," ಎಂದ ಅಪ್ಪ.

ಅವ್ವ ತವರಿನಿಂದ ತಂದಿದ್ದ ಚಪಾತಿ ಮಣೆಯನ್ನು ಮುಂದಿಟ್ಟಳು. "ಇದನ್ನ ಕೊರೀರಿ."

"ನಾಳಿಂದ ಚಪಾತಿ ಹೆಂಗ ಮಾಡ್ತಿ?"

"ಜ್ವಾಳದ ರೊಟ್ಟಿ ಬಡೀತೇನಿ. ಅದಕ್ಕ ಮಣಿ ಯಾಕ ಬೇಕ್ರಿ?"

ಅಪ್ಪ ಮಣೆಯ ನಡುವೆ ತೂತು ಕೊರೆದು ಸ್ಪೀಕರ್ ಕೂರಿಸಿದ. ಸಂಜೆ ಅತ್ತೆಯ ಹಾಡು ಕೊನೆಯ ಸಾಲಿನಲ್ಲಿ ಕೂತವರಿಗೂ ಮುಟ್ಟಿತು.

ಹಾಡು ಕಲಿಸಿದವರು ಯಾರೆಂದು ಕೇಳಿದರೆ ಅತ್ತೆ ಗುರುಗಳ ಹೆಸರು ಹೇಳುತ್ತಾಳೆ. ಊರಿಗೆ ಕೇಳಿಸಿದವರು ಯಾರೆಂದರೆ ಇಂದಿಗೂ, "ನಮ್ಮ ವೈನಿ" ಎಂದು ತನ್ನ ಅಣ್ಣನ ಹೆಂಡತಿಯನ್ನು, ನಮ್ಮ ಅವ್ವನನ್ನು, ನೆನೆಯುತ್ತಾಳೆ.