ಕೆನ್ನೆಗಿಟ್ಟು ನೋಡಿದ ವಿಮಾನ

ಗೊಂಬೆ ಮಾವನ ಎಡಗೆನ್ನೆಯಲ್ಲಿ ಎಂಟಾಣೆಯಗಲದ ಜಾಗ ನುಣ್ಣಗೆ ಹೊಳೆಯುತ್ತಿತ್ತು. ಅಲ್ಲಿ ಗಡ್ಡ ಬೆಳೆಯುತ್ತಿರಲಿಲ್ಲ. ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ನಲವತ್ತು ವರ್ಷ ಮರದ ಗೊಂಬೆ ಕಡೆಯುವ ಲೇತ್ ತಿರುಗಿಸಿದವರು. ಬೆರಳು ಜಡ್ಡುಗಟ್ಟಿ ಬಿಸಿ, ತಂಪು ಒಂದೂ ತಿಳಿಯದಾಗಿತ್ತು. ಅದಕ್ಕೇ ಲೇತಿನಿಂದ ಇಳಿದ ಪ್ರತಿ ಗೊಂಬೆಯನ್ನೂ ಕೆನ್ನೆಗಿಟ್ಟು ನೋಡಿಯೇ ಕೆಳಗಿಡುತ್ತಿದ್ದರು. ಕೂಸು ಬಾಯಿಗೆ ಇಟ್ಟುಕೊಳ್ಳುತ್ತೆ, ಮೊದಲು ನನ್ನ ಕೆನ್ನೆ ತಡೆಯಲಿ ಅನ್ನೋರು.

ನಮ್ಮವ್ವ ಅವರ ಅಂಗಡಿಯಲ್ಲೇ ತಾಳೆಗರಿ ಉಜ್ಜಿ ಗೊಂಬೆಗಳಿಗೆ ಹೊಳಪು ಕೊಡುತ್ತಿದ್ದಳು. ನಮ್ಮ ವಂಶದಲ್ಲಿ ಹತ್ತನೇ ಕ್ಲಾಸು ದಾಟಿದವಳು ನಾನೇ ಮೊದಲು. ಎಂಜಿನಿಯರಿಂಗ್ ಸೀಟು ಸಿಕ್ಕಿತೆಂದು ಹೇಳಲು ಹೋದ ದಿನ ಮಾವ ಲೇತ್ ನಿಲ್ಲಿಸಿ ಎದ್ದು ನಿಂತರು. ಅವರು ಯಾರಿಗೂ ಎದ್ದವರಲ್ಲ.

ಕೊನೆಯ ವರ್ಷ ನನ್ನ ಪ್ರಾಜೆಕ್ಟು, ಶಬ್ದಕ್ಕಿಂತ ಐದು ಪಟ್ಟು ವೇಗದಲ್ಲಿ ಪ್ರಯಾಣಿಕರನ್ನು ಹೊತ್ತು ಹಾರುವ ವಿಮಾನ ಸಾಧ್ಯವೇ ಎಂಬುದು. ಕೊನೆಯ ಪುಟದಲ್ಲಿ 'ಸಾಧ್ಯ' ಎಂದು ಬರೆದು ಮೇಷ್ಟ್ರ ಸಹಿಯನ್ನೂ ಹಾಕಿಸಿದ್ದೆ. ಪರೀಕ್ಷಕರ ಮುಂದಿಡಲು ಒಂದು ಮರದ ಮಾದರಿ ಬೇಕಿತ್ತು. ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ಮಾವನ ಹತ್ತಿರ ಹೋದೆ.

ಎಷ್ಟು ಜೋರಾಗಿ ಹೋಗುತ್ತೆ ಅಂತ ಕೇಳಿದರು. ಇಲ್ಲಿಂದ ಲಂಡನ್ನಿಗೆ ಎರಡು ಗಂಟೆ ಅಂದೆ. ಮಾವ ನಿಂತ ಲೇತಿನಲ್ಲಿದ್ದ ಹಾಲೆಮರದ ತುಂಡಿಗೆ ಕೆಂಪು ಅರಗಿನ ಕಡ್ಡಿ ಒತ್ತಿದರು. ಏನೂ ಆಗಲಿಲ್ಲ. ಲೇತ್ ಓಡಿಸಿ ಅದೇ ಕಡ್ಡಿ ತಾಗಿಸಿದರು. ಕೆಂಪು ಕರಗಿ ಮರದ ಮೈತುಂಬ ಹರಿಯಿತು.

"ಇಲ್ಲಿ ಒಲೆ ಎಲ್ಲೈತವ್ವ? ಬರೀ ಓಟ. ಓಟಕ್ಕೇ ಇಷ್ಟು ಕಾವು."

ಚಿಕ್ಕಂದಿನಿಂದ ನೋಡಿದ್ದೇ. ಗಾಳಿಯ ಕಾವಿನ ಮೇಲೆ ಪುಟಗಟ್ಟಲೆ ಸಮೀಕರಣ ಬರೆದವಳು ಅವತ್ತು ಅದನ್ನು ಮೊದಲ ಸಲ ಕಂಡೆ.

ವಿಮಾನದ ಮೈ ಕಡೆದು, ರೆಕ್ಕೆ ಬೇರೆ ಕೊಯ್ದು ಸಿಕ್ಕಿಸಿ, ಅದನ್ನು ಕೆನ್ನೆಗಿಟ್ಟುಕೊಂಡು ಬಹಳ ಹೊತ್ತು ಕೂತರು. ಇಳಿದ ಮೇಲೆ ಮತ್ತೆ ಯಾವಾಗ ಹೊರಡುತ್ತೆ ಅಂದರು. ಬಸ್ಸಿನ ಹಾಗೆ, ಅವತ್ತೇ ವಾಪಸ್ ಅಂದೆ.

"ಒಂದ್ಸಲ ಹಾರ್ಸೋದು ಆಯ್ತದೆ ಬುಡು. ದಿನಾ ಕಾದು ದಿನಾ ತಣ್ಣಗಾದ್ರೆ ಯಾವ ಬಣ್ಣನೂ ಬಿರೀತದೆ. ಜನ ಕೂರೋದಲ್ವಾ? ಅದ ಬರ್ದಿದ್ದೀಯಾ?"

ಬರೆದಿರಲಿಲ್ಲ.

ಕೊನೆಯ ಪುಟ ಹರಿದೆ. ಮೇಷ್ಟ್ರು ರೇಗಿದರು. ಫೇಲಾದರೆ ಒಂದು ವರ್ಷ ಹೋಯ್ತು ಅಂದರು. ಉಜ್ಜಿ ಸವೆದ ಅವ್ವನ ಬೆರಳುಗಳಲ್ಲಿ ನನ್ನನ್ನು ಓದಿಸಲು ಇನ್ನೊಂದು ವರ್ಷ ಉಳಿದಿರಲಿಲ್ಲ, ಅದು ನನಗೆ ಗೊತ್ತಿತ್ತು. ಆದರೂ ಬರೆದೆ: 'ಒಮ್ಮೆ ಹಾರಿಸಬಹುದು. ದಿನವೂ ಹಾರಿ ಬಿರುಕು ಬಿಡದ ಮೈ ಇನ್ನೂ ನಮ್ಮ ಕೈಯಲ್ಲಿಲ್ಲ.'

ಹಿರಿಯ ಪರೀಕ್ಷಕರು ಮೊದಲು ತೆರೆದದ್ದೇ ಆ ಪುಟ. ಇದನ್ನು ಯಾರು ಹೇಳಿಕೊಟ್ಟರು ಅಂದರು. ಗೊಂಬೆ ಮಾಡೋರು ಸಾರ್ ಅಂದೆ. ಪಕ್ಕದವರು ನಕ್ಕರು. ಇವರು ನಗಲಿಲ್ಲ. ಆಕರಗಳ ಪಟ್ಟಿ ತಿರುವಿ, ತಮ್ಮ ಪೆನ್ನು ನನ್ನ ಕಡೆ ತಳ್ಳಿ, "ಹಾಗಾದ್ರೆ ಇಲ್ಲಿ ಅವರ ಹೆಸರು ಇರಬೇಕಲ್ಲ, ಬರಿ" ಅಂದರು. ಪಟ್ಟಿಯ ಕೊನೆಗೆ ಮಾವನ ಹೆಸರು ಬರೆದೆ.

ಮಾವನಿಗೆ ಇದೆಲ್ಲ ಹೇಳಿದಾಗ ಕೇಳಿದ್ದು ಒಂದೇ, "ಪಾಸಾದ್ಯಾ?"

ಈಗ ನಾನು ಬಿಸಿಗಾಳಿಯಲ್ಲಿ ಲೋಹ ಪರೀಕ್ಷಿಸುವ ಪ್ರಯೋಗಾಲಯದಲ್ಲಿದ್ದೇನೆ. ಊರಿಗೆ ಹೋದಾಗಲೆಲ್ಲ ಮಾವ, ನಿನ್ನ ಇಮಾನ ತಣ್ಣಗಾಯ್ತಾ ಅಂತ ಕೇಳೋರು. ಹೋದ ಸಲ ಹೋಗುವಷ್ಟರಲ್ಲಿ ಅವರೇ ಇರಲಿಲ್ಲ. ಲೇತಿಗೆ ಗೋಣಿಚೀಲ ಹೊದಿಸಿದ್ದರು.

ಪರೀಕ್ಷೆ ಮುಗಿದು, ಮೀಟರು ತಣ್ಣಗಾಗಿದೆ ಎಂದ ಮೇಲೂ, ಯಾರೂ ಇಲ್ಲದಾಗ ಆ ಲೋಹದ ತುಂಡನ್ನು ಕೆನ್ನೆಗಿಟ್ಟು ನೋಡುತ್ತೇನೆ. ತಣ್ಣಗೇ ಇರುತ್ತದೆ. ಆಮೇಲೆ ಬೆಳಕಿಗೆ ಹಿಡಿಯುತ್ತೇನೆ. ಕೂದಲೆಳೆಯಂಥ ಬಿರುಕು ಕಾಣುತ್ತದೆ.

ಇಲ್ಲ ಮಾವ, ಇನ್ನೂ ಕೂಸಿನ ಕೈಗೆ ಕೊಡುವ ಹಾಗಾಗಿಲ್ಲ.