ತೆಂಗಿನ ಬುಡಕ್ಕೆಂದು ಇಟ್ಟ ಉಪ್ಪು

2023ರ ಡಿಸೆಂಬರ್ ತಿಂಗಳ ಎರಡನೆಯ ಭಾನುವಾರ, ಮಧ್ಯಾಹ್ನ ಸುಮಾರು ಒಂದೂವರೆಗೆ, ಅಂಕೋಲಾ ತಾಲೂಕಿನ ಭಾವಿಕೇರಿಯಲ್ಲಿರುವ ನನ್ನ ತವರುಮನೆಯಲ್ಲಿ ನಮ್ಮ ಆಯಿಯ, ಅಂದರೆ ಅಮ್ಮನ, ಹರಕೆ ಮುರಿಯಿತು. ಹನ್ನೊಂದು ತಿಂಗಳಿಂದ ಅವಳು ಅದನ್ನು ಪಾಲಿಸಿಕೊಂಡು ಬಂದಿದ್ದಳು. ಮುರಿಯಲು ಕಾರಣ ನಾನು ಮಾಡಿದ ಒಂದು ಸೇಬಿನ ತಿಂಡಿ.

ಹರಕೆ ನನ್ನ ತಮ್ಮ ವಿನಾಯಕನಿಗಾಗಿ ಹೊತ್ತದ್ದು. ಅವನು ಸರಕು ಸಾಗಿಸುವ ಹಡಗೊಂದರ ಅಡುಗೆಮನೆಯಲ್ಲಿ ಸಹಾಯಕ. ಆ ವರ್ಷದ ಜನವರಿಯಲ್ಲಿ ಅವನ ಹಡಗನ್ನು ಕೊಲ್ಲಿ ದೇಶದ ಒಂದು ಬಂದರಿನಲ್ಲಿ ತಡೆದು ನಿಲ್ಲಿಸಿದರು. ಮಾಲೀಕ ಹಡಗನ್ನೂ ಜನರನ್ನೂ ಕೈಬಿಟ್ಟಿದ್ದ. ಮೊಕದ್ದಮೆ ಮುಗಿಯುವವರೆಗೆ ಹಡಗು ಕದಲುವಂತಿಲ್ಲ, ಖಾಲಿ ಬಿಡುವಂತೆಯೂ ಇಲ್ಲ. ಹಾಗಾಗಿ ಒಳಗಿದ್ದವರು ಒಳಗೇ ಉಳಿದರು. ಸುದ್ದಿ ಬಂದ ದಿನ ಆಯಿ ಸ್ನಾನ ಮಾಡಿ ದೇವರ ಕೋಣೆಗೆ ಹೋದಳು. ಹೊರಗೆ ಬಂದು, ವಿನಾಯಕ ಮನೆಯ ಹೊಸ್ತಿಲು ದಾಟುವವರೆಗೆ ತಾನು ಮೀನು ಮುಟ್ಟುವುದಿಲ್ಲ ಎಂದಳು.

ನಮ್ಮ ಕಡೆ ಶ್ರಾವಣದಲ್ಲಿ ಮೀನು ಬಿಡುವವರು ಇದ್ದಾರೆ, ಸೋಮವಾರ ಬಿಡುವವರು ಇದ್ದಾರೆ. ಲೆಕ್ಕವಿಲ್ಲದಷ್ಟು ದಿನ ಬಿಡುವುದು ಬೇರೆ. ಆಯಿ ಅರವತ್ತೆಂಟು ವರ್ಷ ಮೀನಿನ ಸಾರಿನಲ್ಲೇ ಅನ್ನ ಉಂಡವಳು. ತಮ್ಮನ ಹೆಂಡತಿ ಲತಾಳಿಗೆ ತಿನ್ನಬೇಡ ಎಂದು ಅವಳು ಹೇಳಲಿಲ್ಲ, ಆದರೆ ಮನೆಯಲ್ಲಿ ಬೇಯಿಸುವುದು ತಾನಾಗಿಯೇ ನಿಂತಿತು. ಮೀನು ಮಾರುವ ಹೆಂಗಸು ಮೊದಲ ಒಂದು ತಿಂಗಳು ಗೇಟಿನ ಹತ್ತಿರ ಬುಟ್ಟಿ ಇಳಿಸಿ ಕೂಗುತ್ತಿದ್ದಳಂತೆ. ಆಮೇಲೆ ಕೂಗದೆ ಮುಂದೆ ಹೋಗತೊಡಗಿದಳು.

ನಾನು ಮದುವೆಯಾಗಿ ಹದಿನಾಲ್ಕು ವರ್ಷಗಳಿಂದ ಕಾರವಾರದ ಕೋಡಿಬಾಗದಲ್ಲಿ ಇದ್ದೇನೆ. ಡಿಸೆಂಬರ್ ಮೊದಲ ವಾರ ವಿನಾಯಕನ ಫೋನು ಬಂತು. ಏಳು ಜನರನ್ನು ಮನೆಗೆ ಕಳಿಸುವ ಕಾಗದ ಸಿದ್ಧವಾಗಿದೆ, ಅದರಲ್ಲಿ ತನ್ನ ಹೆಸರಿದೆ, ಇನ್ನು ಹತ್ತು ದಿನದೊಳಗೆ ಊರಲ್ಲಿ ಇರುತ್ತೇನೆ ಎಂದ. ಎರಡು ದಿನ ಬಿಟ್ಟು ಒಂದು ಧ್ವನಿ ಸಂದೇಶ ಕಳಿಸಿದ. ಅದು ಇನ್ನೂ ನನ್ನ ಫೋನಿನಲ್ಲಿದೆ.

"ಅಕ್ಕಾ, ಆಯಿಗೆ ಬಾಯಿಗೆ ರುಚಿ ಇಲ್ದೇ ವರ್ಷ ಆಗ್ತಾ ಬಂತು. ಇಲ್ಲಿ ನಮ್ಮ ದೊಡ್ಡ ಕುಕ್ ಒಂದು ಸೇಬಿನ ಐಟಂ ಕಲ್ಸಿದ್ದಾನೆ. ಕ್ಯಾರಮೆಲ್ ಹಾಕಿ ಬೇಯ್ಸೂದು. ಮೊಟ್ಟೆ ಇಲ್ಲ, ಎಂತದೂ ಇಲ್ಲ, ಆಯಿ ತಿನ್ನೂಕಡ್ಡಿಲ್ಲ. ಈ ಭಾನುವಾರ ಮಾಡಿ ಕೊಡು. ನಾ ಬಂದ್ಮೇಲೆ ಮತ್ತೆ ಮಾಡ್ತೆ, ಯಾರದ್ದು ಚಲೋ ಆಗ್ತದೆ ನೋಡ್ವ."

ಮುಂದಿನ ಸಂದೇಶದಲ್ಲಿ ವಿಧಾನ ಹೇಳಿದ್ದ. ಸಕ್ಕರೆಯನ್ನು ನೀರು ಹಾಕದೆ ಕರಗಿಸಬೇಕು, ಕೆಂಪಾಗಬೇಕು, ಕಪ್ಪಾಗಬಾರದು. ಅದಕ್ಕೆ ಬೆಣ್ಣೆ ಹಾಕಿ ತಟ್ಟೆಯ ತಳಕ್ಕೆ ಸುರಿದು, ಮೇಲೆ ಸೇಬಿನ ಹೋಳುಗಳನ್ನು ಒತ್ತಾಗಿ ಜೋಡಿಸಬೇಕು. ಅದರ ಮೇಲೆ ಮೈದಾ ಮತ್ತು ಬೆಣ್ಣೆಯ ಹಿಟ್ಟನ್ನು ಲಟ್ಟಿಸಿ ಹೊದಿಸಬೇಕು. ಬೆಂದ ಮೇಲೆ ತಟ್ಟೆಯನ್ನು ಕವುಚಿದರೆ ಸೇಬು ಮೇಲೆ ಬರುತ್ತದೆ, ಹಿಟ್ಟು ಕೆಳಗೆ ಹೋಗುತ್ತದೆ. "ಓವನ್ ಇಲ್ಲ ಹೇಳಿ ಹೆದರ್ಬೇಡ. ದೊಡ್ಡ ಪಾತೇಲೆ ತಳಕ್ಕೆ ದಪ್ಪ ಉಪ್ಪು ಹಾಕು, ಎರಡು ಕಿಲೋ ಆದ್ರೂ ಬೇಕು. ಉಪ್ಪು ತಿನ್ನೂಕಲ್ಲ ಮಾರಾಯ್ತಿ, ಬಿಸಿ ಹಿಡೂಕೆ. ಅದ್ರ ಮೇಲೆ ಒಂದು ರಿಂಗು, ರಿಂಗಿನ ಮೇಲೆ ತಟ್ಟೆ. ಮುಚ್ಚಳ ಗಟ್ಟಿ ಮುಚ್ಚು."

ಭಾನುವಾರ ಬೆಳಿಗ್ಗೆ ಕಾರವಾರದಲ್ಲಿ ಆರು ಸೇಬು, ಬೆಣ್ಣೆ, ದಾಲ್ಚಿನ್ನಿ ತೆಗೆದುಕೊಂಡು ಬಸ್ಸು ಹಿಡಿದೆ. ಹತ್ತೂವರೆಗೆ ಭಾವಿಕೇರಿಯಲ್ಲಿದ್ದೆ. ಆಯಿ ಜಗಲಿಯಲ್ಲಿ ಕುಳಿತು, ನಾನು ಲತಾಳ ಫೋನಿಗೆ ಕಳಿಸಿದ್ದ ವಿನಾಯಕನ ಸಂದೇಶವನ್ನು ಮತ್ತೆ ಮತ್ತೆ ಹಾಕಿ ಕೇಳುತ್ತಿದ್ದಳು. ನನ್ನನ್ನು ನೋಡಿ, "ಬಂದ್ಯಾ ಶೋಭಾ? ಸೇಬು ಹುಳಿ ಇದ್ರೆ ನಾ ತಿನ್ನುದಿಲ್ಲ ನೋಡು, ಅವ್ನಿಗೆ ಹೇಳ್ತೆ" ಎಂದಳು. ಹನ್ನೊಂದು ತಿಂಗಳಲ್ಲಿ ಅವಳು ಹಾಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಮೊದಲ ಸಲ ಸಕ್ಕರೆ ಕಪ್ಪಾಯಿತು, ಚೆಲ್ಲಿದೆ. ಎರಡನೆಯ ಸಲ ಬಣ್ಣ ಸರಿಯಾಗಿ ಬಂತು. ಸೇಬು ಜೋಡಿಸಿ ಹಿಟ್ಟು ಹೊದಿಸಿದೆ. ಉಪ್ಪು ತರುವುದನ್ನು ಮಾತ್ರ ಮರೆತಿದ್ದೆ. ಅಡುಗೆಮನೆಯ ಡಬ್ಬಿಯಲ್ಲಿ ಇದ್ದದ್ದು ಪುಡಿ ಉಪ್ಪು, ಅದೂ ಅರ್ಧ. ಲತಾ ಹಣ್ಣುಕಾಯಿ ಮಾಡಿಸಲು ದೇವಸ್ಥಾನಕ್ಕೆ ಹೋಗಿದ್ದಳು. ಹಿಂದಿನ ಸಾಮಾನು ಕೋಣೆಯಲ್ಲಿ ಹುಡುಕಿದಾಗ, ತೆಂಗಿನಕಾಯಿ ರಾಶಿಯ ಪಕ್ಕ ಒಂದು ಬಿಳಿ ಬಕೆಟ್ ಸಿಕ್ಕಿತು. ಮುಕ್ಕಾಲು ಭಾಗ ಹರಳುಪ್ಪು. ಒಣಗಿತ್ತು, ಸ್ವಲ್ಪ ಬೂದು ಬಣ್ಣಕ್ಕೆ ತಿರುಗಿತ್ತು.

ಸದ್ದು ಕೇಳಿ ಆಯಿ ಜಗಲಿಯಿಂದಲೇ ಕೇಳಿದಳು. "ಎಂತಾ ಹುಡುಕ್ತೇ ತಂಗೀ?" ನಮ್ಮ ಕಡೆ ತಾಯಂದಿರು ಮಗಳನ್ನು ತಂಗಿ, ಮಗನನ್ನು ತಮಾ ಎಂದು ಕರೆಯುವುದುಂಟು.

"ಎಂತಾ ಇಲ್ಲ, ಸಿಕ್ತು" ಎಂದೆ.

ಆ ಬಕೆಟ್ಟಿನ ವಿಷಯ ನನಗೆ ಅನಂತರ ಗೊತ್ತಾಯಿತು. ಮಳೆಗಾಲಕ್ಕೆಂದು ಆಯಿ ಪ್ರತಿ ಬೇಸಿಗೆಯಲ್ಲಿ ಬಂಗಡೆ ಮೀನು ಸೀಳಿ, ಉಪ್ಪು ತುಂಬಿ, ಒಣಗಿಸಿ ಇಡುತ್ತಿದ್ದಳು. ಹರಕೆ ಹೊತ್ತ ದಿನ, ಹಿಂದಿನ ವರ್ಷದ ಉಳಿದ ಒಣಮೀನನ್ನು ಪಕ್ಕದ ಮನೆಯ ಗಣಪು ಕಾಕಾನಿಗೆ ಕೊಟ್ಟಳು. ಮೀನಿನಿಂದ ಉದುರಿದ ಉಪ್ಪನ್ನು ಎಸೆಯಲಿಲ್ಲ. ತೆಂಗಿನ ಬುಡಕ್ಕೆ ಹಾಕಲು ಬರುತ್ತದೆ ಎಂದು ಆ ಬಕೆಟ್ಟಿನಲ್ಲಿ ತುಂಬಿಸಿಟ್ಟಳು. ಇದು ಲತಾಳಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ವಾಸನೆ ಬರಲಿಲ್ಲವೇ ಎಂದು ಓದುವವರು ಕೇಳಬಹುದು. ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಬಂದಿರಬೇಕು. ಆದರೆ ಆ ಕೋಣೆಗೆ ನಾನು ಹುಟ್ಟಿದಾಗಿನಿಂದ ಅದೇ ವಾಸನೆ. ಅದು ಕೋಣೆಯದು ಎಂದುಕೊಂಡೆ, ಉಪ್ಪಿನದು ಎಂದುಕೊಳ್ಳಲಿಲ್ಲ.

ಮುಚ್ಚಳದ ಸುತ್ತ ಒದ್ದೆ ಬಟ್ಟೆ ಸುತ್ತಿ ಒಂದು ಗಂಟೆ ಬೇಯಿಸಿದೆ. ಒಲೆಯ ಮೇಲೆ ಸ್ವಲ್ಪ ಕ್ಯಾರಮೆಲ್ ಚೆಲ್ಲಿ ಸುಡುತ್ತಿತ್ತು. ಮನೆ ತುಂಬ ಅದರದೇ ಘಮ, ದಾಲ್ಚಿನ್ನಿಯದೂ ಸೇರಿತ್ತು. ಊಟ ಮುಗಿಯುವ ಹೊತ್ತಿಗೆ ತಟ್ಟೆ ಕವುಚಿದೆ. ಸೇಬಿನ ಹೋಳುಗಳು ಕೆಂಪಾಗಿ, ಹೊಳೆಯುತ್ತ, ಒಂದೂ ಕದಲದೆ ಬಂದವು. ಅಷ್ಟರಲ್ಲಿ ದೇವಸ್ಥಾನದಿಂದ ಬಂದಿದ್ದ ಲತಾ ಫೋಟೋ ತೆಗೆದು ವಿನಾಯಕನಿಗೆ ಕಳಿಸಿದಳು. ಗಣಪು ಕಾಕಾ ಕೂಡ ಬಂದು ಕುಳಿತಿದ್ದ. ಅವನು ಅಪ್ಪನ ತಮ್ಮ. ಅಪ್ಪ ತೀರಿಕೊಂಡ ಮೇಲೆ ಮನೆಯ ಒಳ್ಳೆಯದು ಕೆಟ್ಟದ್ದಕ್ಕೆಲ್ಲ ಅವನೇ.

ಮೊದಲ ಹೋಳು ಆಯಿಗೆ ಕೊಟ್ಟೆ. ಅವಳು ಚಮಚದಲ್ಲಿ ಮೇಲಿನ ಸೇಬು ತೆಗೆದು ತಿಂದಳು. "ಅಡ್ಡಿಲ್ಲ ಮಗನ ಅಡುಗೆ" ಎಂದಳು. ಇನ್ನೊಂದು ಚಮಚ ತಿಂದಳು. ಮೂರನೆಯ ಚಮಚ ಕೆಳಗಿನ ಹಿಟ್ಟಿನವರೆಗೆ ಹೋಯಿತು. ಪಾತೇಲೆಯೊಳಗೆ ಒಂದು ಗಂಟೆ ಉಪ್ಪಿನ ಹಬೆಗೆ ತೆರೆದುಕೊಂಡಿದ್ದದ್ದು ಆ ಹಿಟ್ಟೇ. ಅವಳು ಅಗಿದಳು, ನುಂಗಿದಳು, ಆಮೇಲೆ ಚಮಚ ಹಿಡಿದ ಕೈ ನಿಂತಿತು.

ಅದೇ ಹೊತ್ತಿಗೆ ಗಣಪು ಕಾಕಾ ತನ್ನ ಹೋಳನ್ನು ಬಾಯಿಗೆ ಹಾಕಿಕೊಂಡಿದ್ದ. "ಹಡಗಿನ ತಿಂಡಿ ಅಲ್ದಾ, ಬಂಗಡೆ ಹಾಕೇ ಮಾಡ್ತಾರೆ ಕಾಣ್ತದೆ" ಎಂದು ನಕ್ಕ. ಅವನು ಆಯಿಯ ಮುಖ ನೋಡಿದ, ತನ್ನ ತಟ್ಟೆ ನೋಡಿದ, ತಟ್ಟೆಯನ್ನು ನೆಲಕ್ಕೆ ಇಟ್ಟ.

ಲತಾ ಅಡುಗೆಮನೆಗೆ ಹೋಗಿ ಪಾತೇಲೆಯ ಮುಚ್ಚಳ ತೆಗೆದಳು. ಅಲ್ಲಿಂದಲೇ ಕೇಳಿದಳು. "ಅಕ್ಕಾ, ಉಪ್ಪು ಯಾವ್ದು ಹಾಕಿದ್ರಿ?"

"ಹಿಂದಿನ ಕೋಣೇದು. ಬಿಳಿ ಬಕೆಟ್ಟಿಂದು."

ಅವಳು ಮುಚ್ಚಳವನ್ನು ಮತ್ತೆ ಮುಚ್ಚಿದಳು. ಆಯಿ ಎದ್ದು ಹಿತ್ತಲಿಗೆ ಹೋಗಿ ಬಾಯಿ ಮುಕ್ಕಳಿಸಿದಳು. ಬಹಳ ಹೊತ್ತು ಮುಕ್ಕಳಿಸಿದಳು. ನಾನು ಹಿಂದೆ ಹೋಗಿ, ಗೊತ್ತಿಲ್ಲದೆ ಆದದ್ದು, ಬರೀ ವಾಸನೆ, ಮೀನು ತಿಂದ ಹಾಗೆ ಆಗುವುದಿಲ್ಲ, ಬೇಕಾದರೆ ಭಟ್ಟರನ್ನು ಕೇಳೋಣ ಎಂದೆ.

"ಭಟ್ರನ್ನ ಕೇಳಿ ಹರಕೆ ಹೇಳ್ಕಂಡದ್ದಲ್ಲ ನಾನು" ಎಂದಳು. ಸಿಟ್ಟಿನ ದನಿಯಲ್ಲ. "ನಾಲಿಗೆಗೆ ಗೊತ್ತಾತು. ನುಂಗಿದೆ. ನಿಂಗೆ ಬೈದು ಎಂತಾ ಮಾಡೂದು?"

ನಾಲ್ಕು ಗಂಟೆಗೆ ವಿನಾಯಕನ ವಿಡಿಯೋ ಕರೆ ಬಂತು. ಫೋಟೋ ನೋಡಿ ಖುಷಿಯಲ್ಲಿದ್ದ. ಅವನ ಹಿಂದೆ ಹಡಗಿನ ಕಬ್ಬಿಣದ ಗೋಡೆ ಕಾಣುತ್ತಿತ್ತು. "ಹೆಂಗಾಗಿತ್ತು? ಆಯಿ ತಿಂದಳಾ?" ಎಂದ. ಲತಾ ನನ್ನ ಕಡೆ ನೋಡಿದಳು. ನಾನು ಏನು ಹೇಳುತ್ತಿದ್ದೆನೋ ಗೊತ್ತಿಲ್ಲ, ಆಯಿ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ಚಲೋ ಆಗಿತ್ತು ತಮಾ. ಪೂರಾ ತಿಂದೆ. ನಿಂದಕ್ಕಿಂತ ಚಲೋ ಆಗಿತ್ತು ಅಂದ್ಕೋ."

"ಹಂಗೆಲ್ಲ ಹೇಳ್ಬೇಡ, ನಂದು ನೀ ಇನ್ನೂ ತಿಂದಿಲ್ಲ" ಎಂದು ಅವನು ನಕ್ಕ.

ಅವನಿಗೆ ಹೇಳಬಾರದು ಎಂದು ನಮ್ಮಲ್ಲಿ ಮಾತಾಗಲಿಲ್ಲ. ಆದರೆ ಇಂದಿನವರೆಗೆ ಯಾರೂ ಹೇಳಿಲ್ಲ. ಉಳಿದ ತಿಂಡಿಯನ್ನು ನಾನು ಹಿತ್ತಲಲ್ಲಿ ಗುಂಡಿ ತೋಡಿ ಮುಚ್ಚಿದೆ. ಸಂಜೆಯ ಬಸ್ಸಿಗೆ ಕೋಡಿಬಾಗಕ್ಕೆ ಮರಳಿದೆ.

ಬುಧವಾರ ಬೆಳಿಗ್ಗೆ ವಿನಾಯಕ ಮತ್ತೆ ಫೋನು ಮಾಡಿದ. ಈ ಸಲ ಲತಾಳಿಗೆ. ಅವಳು ಸ್ಪೀಕರ್ ಹಾಕಿದ್ದಳು, ಆಯಿ ಪಕ್ಕದಲ್ಲೇ ಇದ್ದಳು. ಏಳು ಜನರ ಪಟ್ಟಿ ಬದಲಾಗಿತ್ತು. ಅವನಿಗೆ ಆ ತಿಂಡಿ ಕಲಿಸಿದ ದೊಡ್ಡ ಕುಕ್ಕಿಗೆ ಹೊಟ್ಟೆಯಲ್ಲಿ ರಕ್ತಸ್ರಾವವಾಗಿ ಆಸ್ಪತ್ರೆಗೆ ಸೇರಿಸಿದ್ದರು, ಅಲ್ಲಿಂದ ನೇರವಾಗಿ ಅವನ ಊರಿಗೆ ಕಳಿಸುವುದು ಎಂದು ತೀರ್ಮಾನವಾಗಿತ್ತು. ಹಡಗಿನಲ್ಲಿ ಉಳಿಯುವವರಿಗೆ ಅಡುಗೆ ಮಾಡಲು ಒಬ್ಬ ಬೇಕಿತ್ತು. ಕುಕ್ಕನ್ನು ಬಿಟ್ಟರೆ ಅಡುಗೆ ಬರುತ್ತಿದ್ದದ್ದು ವಿನಾಯಕನಿಗೆ ಮಾತ್ರ. ಅವನ ಹೆಸರಿನ ಜಾಗಕ್ಕೆ ಕುಕ್ಕಿನ ಹೆಸರು ಹೋಯಿತು. ಕರೆ ಮುಗಿದ ಮೇಲೆ ಆಯಿ ಎದ್ದು ಒಳಗೆ ಹೋದಳು ಎಂದು ಲತಾ ನನಗೆ ತಿಳಿಸಿದಳು.

ನಾನು ಅಂದೇ ಕೆಲಸಕ್ಕೆ ರಜೆ ಹಾಕಿ ಭಾವಿಕೇರಿಗೆ ಹೋದೆ. ಹೋಗುವ ಮೊದಲು ವಿನಾಯಕನಿಗೆ ಬರೆದು ಒಂದೇ ಪ್ರಶ್ನೆ ಕೇಳಿದೆ: ಕುಕ್ಕನ್ನು ಆಸ್ಪತ್ರೆಗೆ ಸೇರಿಸಿದ್ದು ಯಾವ ದಿನ? ಶನಿವಾರ, ಪಟ್ಟಿ ಬದಲಾಗುತ್ತದೆ ಎಂದು ಆಗ ಗೊತ್ತಿರಲಿಲ್ಲ ಎಂದು ಉತ್ತರ ಬಂತು. ಅಂದರೆ ನಾನು ಉಪ್ಪು ಬಿಸಿ ಮಾಡಿದ್ದರ ಹಿಂದಿನ ದಿನ. ಹರಕೆ ಮುರಿದದ್ದಕ್ಕೂ ಇದಕ್ಕೂ ಸಂಬಂಧವಿರಲು ಸಾಧ್ಯವಿಲ್ಲ. ಬಸ್ಸಿನಲ್ಲಿ ಆ ಮಾತನ್ನು ಹೇಗೆ ಹೇಳಬೇಕು ಎಂದು ಸರಿಪಡಿಸಿಕೊಳ್ಳುತ್ತ ಹೋದೆ.

ಆಯಿ ಜಗಲಿಯ ಕಂಬಕ್ಕೆ ಒರಗಿ ಕುಳಿತಿದ್ದಳು. ನಾನು ಹೇಳಿದೆ. ಶನಿವಾರ, ಭಾನುವಾರ, ಯಾವುದು ಮೊದಲು, ಯಾವುದು ಆಮೇಲೆ. ಫೋನಿನಲ್ಲಿ ಅವನ ಉತ್ತರವನ್ನೂ ತೋರಿಸಿದೆ. ಅವಳು ಓದಿದಳು. ನಾಲ್ಕನೆಯ ಇಯತ್ತೆವರೆಗೆ ಓದಿದವಳು, ಅಕ್ಷರ ಅಕ್ಷರ ಕೂಡಿಸಿ ಓದುತ್ತಾಳೆ. ಓದಿ ಫೋನು ವಾಪಸ್ಸು ಕೊಟ್ಟಳು.

"ದೇವ್ರಿಗೆ ಶನಿವಾರವೇ ಗೊತ್ತಿರ್ತದೆ ತಂಗೀ" ಎಂದಳು.

ನಾನು ಫೋನನ್ನು ಚೀಲದೊಳಗೆ ಇಟ್ಟೆ.

ಮರುದಿನ ಅವಳು ಹೊಸದಾಗಿ ಹರಕೆ ಹೊತ್ತಳು. ಮೀನು ಬಿಡುವುದರ ಜೊತೆಗೆ ಈ ಸಲ ಒಪ್ಪತ್ತು. ಮಧ್ಯಾಹ್ನ ಒಂದೇ ಊಟ, ಸಂಜೆ ಒಂದು ಲೋಟ ಹಾಲು. ಗಣಪು ಕಾಕಾ ಜಗಳವಾಡಿದ. "ಅತ್ತಿಗೇ, ಅಂವ ಬಂದಾಗ ನೀನೇ ಇಲ್ದಿದ್ರೆ ಯಾರಿಗೆ ಬಂದ ಹಂಗಾತು?" ಎಂದ. ಅವಳು ಒಪ್ಪತ್ತು ಬಿಡಲಿಲ್ಲ. ಎರಡು ತಿಂಗಳಲ್ಲಿ ಬ್ಲೌಸುಗಳೆಲ್ಲ ಸಡಿಲವಾದವು, ಲತಾ ಬದಿ ಹೊಲಿದುಕೊಟ್ಟಳು. ಒಮ್ಮೆ ಬಾವಿಕಟ್ಟೆಯ ಹತ್ತಿರ ತಲೆತಿರುಗಿ ಕುಳಿತುಬಿಟ್ಟಳು. ಅಂಕೋಲೆಯ ಡಾಕ್ಟರರು ರಕ್ತ ಕಡಿಮೆ ಇದೆ, ಎರಡು ಹೊತ್ತು ಉಣ್ಣಬೇಕು ಎಂದರು. ಆಯಿ ಅವರ ಎದುರು ಹೂಂ ಎಂದಳು.

ವಿನಾಯಕ ಹೇಳಿದರೆ ಅವಳು ಬಿಡಬಹುದು. ಅವನು ಹೇಳಬೇಕಾದರೆ ನಡೆದದ್ದನ್ನೆಲ್ಲ ಅವನಿಗೆ ತಿಳಿಸಬೇಕು. ಮನೆಯವರಿಗೆ ಒಂದು ಸಿಹಿ ಆಗಲಿ ಎಂದು ತಾನು ಕಳಿಸಿದ ವಿಧಾನ ಎಲ್ಲಿಗೆ ಮುಟ್ಟಿತು ಎಂದು ಕಬ್ಬಿಣದ ಗೋಡೆಗಳ ನಡುವೆ ಕುಳಿತವನಿಗೆ ತಿಳಿಸಬೇಕು. ಮೂರು ಸಲ ಬರೆದೆ. ಮೂರೂ ಸಲ ಕಳಿಸದೆ ಅಳಿಸಿದೆ. ಇದು ಸರಿಯೋ ತಪ್ಪೋ ನನಗೆ ತಿಳಿಯುತ್ತಿಲ್ಲ.

ಕಳೆದ ಭಾನುವಾರದ ವಿಡಿಯೋ ಕರೆಯಲ್ಲಿ ವಿನಾಯಕ ಆಯಿಯ ಮುಖವನ್ನು ಬಹಳ ಹೊತ್ತು ನೋಡಿದ. "ಎಂತಕೆ ಇಷ್ಟು ಸೊರಗಿದ್ಯೆ?" ಎಂದು ಕೇಳಿದ. ಫೋನಿನಲ್ಲಿ ಹಾಗೆ ಕಾಣುತ್ತದೆ ಎಂದು ಆಯಿ ಹೇಳಿದಳು. ಹಡಗು ಅದೇ ಬಂದರಿನಲ್ಲಿದೆ. ಒಳಗೆ ಈಗ ನಾಲ್ಕು ಜನ ಇದ್ದಾರೆ, ಅಡುಗೆ ವಿನಾಯಕನದು.