ನಂಜುಂಡಪ್ಪ ಫಿಲಂ ನೋಡಿ ಹೇಳಿದ್ದು

ತಿಪಟೂರಿನ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ನಂಜುಂಡಪ್ಪ ಹದಿನಾರು ವರ್ಷ ಎಕ್ಸ್‌ರೇ ತೆಗೆದ. ಕತ್ತಲೆ ಕೋಣೆಯ ಔಷಧಿ ನೀರಿನಲ್ಲಿ ಕೈ ಅದ್ದಿ ಅದ್ದಿ ಅವನ ಉಗುರುಗಳು ಕಂದುಗಟ್ಟಿದ್ದವು. ಡಾಕ್ಟರಿಗಿಂತ ಮೊದಲು ಫಿಲಂ ನೋಡುತ್ತಿದ್ದವನು ಅವನೇ. ಒದ್ದೆ ಫಿಲಮನ್ನು ಕ್ಲಿಪ್ಪಿಗೆ ಸಿಕ್ಕಿಸಿ ಹೊರಗೆ ಬಂದರೆ ಸಾಕು, ರೋಗಿಯ ಕಡೆಯವರು ಸುತ್ತುಗಟ್ಟಿ, ಏನಿದೆ, ಎಷ್ಟು ದಿನ ಎಂದು ಕೇಳುತ್ತಿದ್ದರು. ಅವನು ಹೇಳುತ್ತಿದ್ದ. ನಾಲ್ಕಾರು ಸಲ ಹೇಳಿದ್ದು ನಿಜವೂ ಆಗಿ ಸುತ್ತಿನ ಹಳ್ಳಿಗಳಲ್ಲಿ ಹೆಸರು ಬಂತು. ಆ ಹೆಸರು ಅವನಿಗೆ ಹಿತವಾಗಿತ್ತು.

ಎಪ್ಪತ್ತೆಂಟರ ಕಾರ್ತಿಕದಲ್ಲಿ ಹೊನ್ನವಳ್ಳಿ ಕಡೆಯ ಮಾಯಣ್ಣ ತನ್ನ ಅತ್ತಿಗೆ ಅಂಕಮ್ಮನನ್ನು ಕರೆತಂದ. ನಲವತ್ತರ ವಿಧವೆ. ಬಿಡದ ಕೆಮ್ಮು, ಕತ್ತಿನಲ್ಲಿ ಗಂಟು. ಫಿಲಮಿನಲ್ಲಿ ಎದೆಯ ನಡುವೆ ಮುಷ್ಟಿ ಗಾತ್ರದ ಬಿಳಿ ನೆರಳು ಕಂಡಿತು. ಕ್ಯಾನ್ಸರ್ ಇರಬಹುದು, ಗಂಟಿನ ಚೂರು ತೆಗೆದು ಪರೀಕ್ಷಿಸದೆ ಏನೂ ಹೇಳಲಾಗದು ಎಂದು ಡಾಕ್ಟರು ಬೆಂಗಳೂರಿನ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಮಾಯಣ್ಣ ಚೀಟಿ ಹಿಡಿದು ನೇರ ನಂಜುಂಡಪ್ಪನ ಹತ್ತಿರ ಬಂದ. ಅಂಕಮ್ಮ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ನಂಜುಂಡಪ್ಪ ಫಿಲಮನ್ನು ಕಿಟಕಿಯ ಬೆಳಕಿಗೆ ಹಿಡಿದು, "ಇಂಥವು ಬೇಕಾದಷ್ಟು ನೋಡಿದೀನಿ. ಯುಗಾದಿ ಕಾಣೋದು ಕಷ್ಟ" ಅಂದ.

ಸಂಕ್ರಾಂತಿ ಕಳೆದ ಮೇಲೆ ಮಾಯಣ್ಣ ಒಂದು ಗೊನೆ ಎಳನೀರು ಹೊತ್ತು ಬಂದು ನಂಜುಂಡಪ್ಪನ ಮನೆ ಬಾಗಿಲಲ್ಲಿ ಇಳಿಸಿದ.

"ನೀವು ಬಾಯಿಬಿಟ್ಟು ಹೇಳಿದ್ದು ಒಳ್ಳೇದಾಯ್ತು ಕಣ್ರೀ. ಬೆಂಗ್ಳೂರು ಅಲೆಯೋದು ತಪ್ತು. ತ್ವಾಟದ ಮೂಲೇಲಿ ಎರಡು ಸಸಿ ಕಿತ್ತು ಜಾಗಾನೂ ಮಾಡಿ ಮಡಗಿದೀವಿ."

ಇನ್ನೂ ಬದುಕಿದ್ದ ಅಂಕಮ್ಮನನ್ನು ಹೂಳುವ ಜಾಗ. ಅದನ್ನು ಹೇಳುವಾಗ ಮಾಯಣ್ಣನ ಮುಖದಲ್ಲಿ ಕೆಲಸ ಮುಗಿಸಿದವನ ನೆಮ್ಮದಿಯಿತ್ತು. ಅವನು ಹೋದ ಮೇಲೆ ನಂಜುಂಡಪ್ಪ ಎಳನೀರನ್ನು ಮನೆಯವರು ಮುಟ್ಟದ ಹಾಗೆ ಚರಂಡಿ ಪಕ್ಕಕ್ಕೆ ಎಸೆದ.

ಭಾನುವಾರ ಬಸ್ಸು ಹಿಡಿದು ಮಾಯಣ್ಣನ ಊರಿಗೆ ಹೋಗಿ ನೋಡಿದ. ಅಂಕಮ್ಮನನ್ನು ದನದ ಕೊಟ್ಟಿಗೆಯ ಮಗ್ಗುಲಿಗೆ ಹಾಕಿದ್ದರು. ರೋಗ ಅಂಟುತ್ತದೆಂದು ತಟ್ಟೆ ಬೇರೆ. ನೀರಿಗೆ ಲೋಟವೂ ಇಲ್ಲ, ತೆಂಗಿನ ಚಿಪ್ಪು. ಸೀರೆಗಳನ್ನು ಓರಗಿತ್ತಿ ಆಗಲೇ ಉಡತೊಡಗಿದ್ದಳು. ಸಸಿ ಕಿತ್ತ ಜಾಗ ಅಂಕಮ್ಮ ಮಲಗಿದಲ್ಲಿಂದ ಚೆನ್ನಾಗಿ ಕಾಣುತ್ತಿತ್ತು. ಆ ಸಸಿ ನೆಟ್ಟವಳೂ ಅವಳೇ.

"ಅವ್ವಾ, ನಾನು ಡಾಕ್ಟರಲ್ಲ. ದೊಡ್ಡಸ್ತಿಕೆಗೆ ಹಂಗಂದೆ" ಅಂದ ನಂಜುಂಡಪ್ಪ.

ಅಂಕಮ್ಮ ಎದ್ದು ಗೋಡೆಗೆ ಒರಗಿ ಕೂತಳು. "ಎದೆ ನಂದು ಕಣಪ್ಪ. ನಂಗೆ ಹೇಳ್ದೇನೆ ಮಾಯಣ್ಣಂಗೆ ಹೇಳ್ದ್ಯಲ್ಲ."

ಹಳೇ ಚೀಟಿ ಕಳೆದುಹೋಗಿತ್ತು. ಅವನು ಡಾಕ್ಟರ ಮುಂದೆ ತಪ್ಪು ಒಪ್ಪಿಕೊಂಡು ಬೈಸಿಕೊಂಡು ಹೊಸದು ಬರೆಸಿದ. ತುರುವೇಕೆರೆಯಿಂದ ಅವಳ ತಂಗಿ ತಿಮ್ಮಕ್ಕನನ್ನು ಕರೆಸಿ, ಇಬ್ಬರನ್ನೂ ತಾನೇ ಬೆಂಗಳೂರಿಗೆ ಕರೆದೊಯ್ದ. ಗಂಟಿನ ಚೂರು ಪರೀಕ್ಷಿಸಿದ ಅಲ್ಲಿನ ಡಾಕ್ಟರು, ಕ್ಯಾನ್ಸರ್ ಹೌದು, ಆದರೆ ಕರೆಂಟಿಗೆ, ಅಂದರೆ ವಿಕಿರಣ ಚಿಕಿತ್ಸೆಗೆ, ಬಗ್ಗುವ ಜಾತಿಯದು ಅಂದರು. ಐದು ವಾರ ಕರೆಂಟು ಕೊಟ್ಟರು. ಗಂಟಲು ಬೆಂದು ಅವಳು ಗಂಜಿ ನುಂಗಲೂ ಒದ್ದಾಡಿದಳು. ಶ್ರಾವಣದಲ್ಲಿ ನಂಜುಂಡಪ್ಪನೇ ಮತ್ತೆ ಫಿಲಂ ತೆಗೆದ. ನೆರಳು ಬೆರಳಿನಷ್ಟಕ್ಕೆ ಇಳಿದಿತ್ತು. ಅವನು ತುಟಿ ಬಿಚ್ಚದೆ ಅದನ್ನು ಡಾಕ್ಟರ ಮೇಜಿನ ಮೇಲಿಟ್ಟ.

ಅಂಕಮ್ಮ ಮೈದುನನ ಮನೆಗೆ ಹಿಂತಿರುಗಲಿಲ್ಲ. ತಂಗಿಯ ಮನೆಯಲ್ಲಿ ಇನ್ನೂ ಹತ್ತು ವರ್ಷ ಬದುಕಿದಳು. ನಾವೇ ಬೆಂಗಳೂರಿಗೆ ಕಳಿಸಿ ಉಳಿಸಿಕೊಂಡೆವು ಎಂದು ಮಾಯಣ್ಣ ಸಂತೆಯಲ್ಲೆಲ್ಲ ಹೇಳಿಕೊಂಡು ತಿರುಗಿದ. ಅದು ಕಿವಿಗೆ ಬಿದ್ದ ದಿನ ನಂಜುಂಡಪ್ಪ ಊಟಕ್ಕೆ ಕೂತವನು ತಟ್ಟೆ ಸರಿಸಿದ. ಅಂಥವನ ವಿಷಯಕ್ಕೆ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ ಎಂದಳು ಹೆಂಡತಿ. ಅವನ ಕೈಗೆ ಗುದ್ದಲಿ ಕೊಟ್ಟವನು ನಾನೇ, ಅಂದ.

ಆಮೇಲೆ ಯಾರು ಕೇಳಿದರೂ ಡಾಕ್ಟರ ಕಡೆ ಕೈ ತೋರಿಸುತ್ತಿದ್ದ. ಈಗ ಸೊಕ್ಕು ಬಂದಿದೆ ಎಂದು ಜನ ಆಡಿಕೊಂಡರು.